ಪೆನ್ನು ಮತ್ತು ಪರದೆ: ಸಂಕೇತಗಳ ಇತಿಹಾಸ

ಡಿಜಿಟಲ್ ಪೆನ್ನು ಪರದೆಯ ಮೇಲೆ ಎಲ್ಲಿದೆ, ಎಷ್ಟು ಒತ್ತಡದಿಂದ ಊರಿದೆ ಎಂಬುದನ್ನು ಉಪಕರಣಕ್ಕೆ ತಿಳಿಸುವ ಸಂಕೇತಗಳ ಕ್ರಮಬದ್ಧ ಒಪ್ಪಂದಕ್ಕೆ ಪ್ರೋಟೋಕಾಲ್ ಎಂದು ಹೆಸರು. ಈ ಒಪ್ಪಂದದ ಇತಿಹಾಸದುದ್ದಕ್ಕೂ ಮುಖ್ಯವಾಗಿರುವುದು ಸಂಕೇತ ಹೊರಡುವುದು ಹಲಗೆಯಿಂದಲೋ ಪೆನ್ನಿನಿಂದಲೋ ಎಂಬ ಪ್ರಶ್ನೆ.

1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಡೇವಿಸ್ ಮತ್ತು ಎಲ್ಲಿಸ್ ರೂಪಿಸಿದ ರ‍್ಯಾಂಡ್ ಟ್ಯಾಬ್ಲೆಟ್‌ನಲ್ಲಿ ಸಂಕೇತ ಹೊರಡುತ್ತಿದ್ದುದು ಹಲಗೆಯಿಂದ. ಸುಮಾರು 10 ಅಂಗುಲ ಚೌಕದ ಆ ಹಲಗೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಹಾಸಿದ್ದ ತಾಮ್ರದ ತೆಳುಗೆರೆಗಳು ತಮ್ಮ ತಮ್ಮ ಸ್ಥಾನವನ್ನು ಸೂಚಿಸುವ ವಿದ್ಯುತ್ ಮಿಡಿತಗಳನ್ನು ಹೊಮ್ಮಿಸುತ್ತಿದ್ದವು. ತಂತಿಯಿಂದ ಜೋಡಿಸಿದ್ದ ಪೆನ್ನು ತಾನಿದ್ದ ಕಡೆಯ ಮಿಡಿತಗಳನ್ನು ಗ್ರಹಿಸಿ ದಾಟಿಸುತ್ತಿದ್ದುದರಿಂದ 10 ಲಕ್ಷಕ್ಕೂ ಹೆಚ್ಚು ಬಿಂದುಗಳನ್ನು ಗುರುತಿಸಲು ಸಾಧ್ಯವಾಗಿತ್ತು. ಇದಕ್ಕೆ ಬಳಸಿದ್ದು ಗ್ರೇ ಕೋಡ್, ಅಂದರೆ ಅಕ್ಕಪಕ್ಕದ ಸಂಖ್ಯೆಗಳ ನಡುವೆ ಒಂದೇ ಅಂಕಿ ಬದಲಾಗುವ ದ್ವಿಮಾನ ಕ್ರಮ. ಪೆನ್ನು ಎರಡು ಗೆರೆಗಳ ನಡುವೆ ನಿಂತಾಗಲೂ ತಪ್ಪು ಒಂದು ಹೆಜ್ಜೆಯನ್ನು ಮೀರದಂತೆ ನೋಡಿಕೊಂಡ ಈ ಆಯ್ಕೆಯಲ್ಲಿ ಆ ತಂತ್ರಜ್ಞರ ದೂರದೃಷ್ಟಿ ಕಾಣುತ್ತದೆ.

1983ರಲ್ಲಿ ಜಪಾನಿನಲ್ಲಿ ಸ್ಥಾಪನೆಯಾದ ವಾಕಾಮ್ ಕಂಪನಿ ಬೆಳೆಸಿದ ವಿದ್ಯುತ್ಕಾಂತೀಯ ಅನುರಣನ ವಿಧಾನದಲ್ಲಿ ಪೆನ್ನಿಗೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ. ಹಲಗೆ ಕ್ಷಣಮಾತ್ರ ಕಾಂತಕ್ಷೇತ್ರವನ್ನು ಹೊಮ್ಮಿಸಿ ಸುಮ್ಮನಾದಾಗ, ಪೆನ್ನಿನೊಳಗಿನ ಸುರುಳಿ ತಾನು ಪಡೆದ ಶಕ್ತಿಯನ್ನೇ ಹಿಂತಿರುಗಿಸುತ್ತದೆ. ಮೊನೆಯ ಮೇಲಿನ ಒತ್ತಡ ಬದಲಾದಂತೆ ಆ ಮರುದನಿಯ ಆವರ್ತನವೂ ಬದಲಾಗುವುದರಿಂದ ಸ್ಥಾನವೂ ಒತ್ತಡವೂ ಒಟ್ಟಿಗೆ ತಿಳಿಯುತ್ತವೆ. ಈ ಕ್ಷೇತ್ರದಲ್ಲಿ ಇಷ್ಟು ಸರಳವೂ ಸುಂದರವೂ ಆದ ಪರಿಹಾರ ಮತ್ತೊಂದಿಲ್ಲ.

ಆದರೆ ಅದಕ್ಕೆ ಪರದೆಯಡಿ ಪ್ರತ್ಯೇಕ ಪದರ ಬೇಕಿತ್ತು. ಬೆರಳಿನ ಸ್ಪರ್ಶವನ್ನು ಅರಿಯುವ ಜಾಲವನ್ನೇ ಪೆನ್ನಿಗೂ ಬಳಸಲು ಹೊರಟವರು ಬ್ಯಾಟರಿಯುಳ್ಳ ಪೆನ್ನಿನಿಂದಲೇ ಸಂಕೇತ ಹೊರಡಿಸಿದರು. ಇಸ್ರೇಲಿನ ಎನ್-ಟ್ರಿಗ್ ಕಂಪನಿಯ ಇಂಥ ತಂತ್ರಜ್ಞಾನ 2014ರಲ್ಲಿ ಮೈಕ್ರೋಸಾಫ್ಟ್‌ನ ಸರ್ಫೇಸ್ ಪ್ರೊ 3 ಟ್ಯಾಬ್ಲೆಟ್‌ನಲ್ಲಿ ಕಾಣಿಸಿಕೊಂಡು, ಮರುವರ್ಷ ಮೈಕ್ರೋಸಾಫ್ಟ್‌ನದೇ ಕೈಸೇರಿತು. 2015ರಲ್ಲೇ ಆಪಲ್ ಪೆನ್ಸಿಲ್ ಬಂತು. ವಾಕಾಮ್ ಕೂಡ ಇದೇ ಬಗೆಯ ತನ್ನ ವಿಧಾನವನ್ನು ತಂದಿತು. ಪ್ರತಿಯೊಂದರ ಸಂಕೇತವೂ ಬೇರೆಯಾದ್ದರಿಂದ ಒಂದು ಕಂಪನಿಯ ಪೆನ್ನು ಮತ್ತೊಂದರ ಪರದೆಯ ಮೇಲೆ ನಿರುಪಯುಕ್ತವಾಯಿತು. ಇದರ ನಷ್ಟವನ್ನು ಹೊತ್ತವರು ಬಳಕೆದಾರರು.

ಈ ಒಡಕನ್ನು ಸರಿಪಡಿಸಲು 2015ರಲ್ಲಿ ಯೂನಿವರ್ಸಲ್ ಸ್ಟೈಲಸ್ ಇನಿಶಿಯೇಟಿವ್ ಎಂಬ ಕೂಟ ರಚನೆಯಾಯಿತು. ಅದರ ಪ್ರೋಟೋಕಾಲ್‌ನಲ್ಲಿ ಸಂಕೇತ ಎರಡೂ ಕಡೆಯಿಂದ ಹರಿಯುತ್ತದೆ: ಪರದೆ ಕರೆ ಕಳಿಸುತ್ತದೆ, ಪೆನ್ನು ತನಗೆ ಗೊತ್ತುಪಡಿಸಿದ ಸಮಯದಲ್ಲಿ ಉತ್ತರಿಸುತ್ತದೆ. ಆದ್ದರಿಂದ ಒಂದೇ ಪರದೆಯ ಮೇಲೆ ಹಲವು ಪೆನ್ನುಗಳು ಏಕಕಾಲಕ್ಕೆ ಬರೆಯಬಲ್ಲವು, ಬಳಕೆದಾರ ಆರಿಸಿದ ಶಾಯಿಯ ಬಣ್ಣ ಪೆನ್ನಿನ ಸ್ಮೃತಿಯಲ್ಲೇ ಉಳಿಯಬಲ್ಲದು. ಕ್ರೋಮ್‌ಬುಕ್‌ಗಳಲ್ಲಿ ಇದು ನೆಲೆ ಕಂಡು, 2022ರಲ್ಲಿ ಎರಡನೆಯ ಆವೃತ್ತಿ ಹೊರಬಂದರೂ, ಆಪಲ್ ತನ್ನ ಪೆನ್ಸಿಲ್ಲಿಗೆ ತನ್ನದೇ ಸಂಕೇತಗಳನ್ನು ಉಳಿಸಿಕೊಂಡಿತು.