ರಾಜದ್ರೋಹ: 124ಎ ಕಲಮಿನ ಕಥೆ

ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾದಾಗ ಅದರಲ್ಲಿ ರಾಜದ್ರೋಹದ ಕಲಮೇ ಇರಲಿಲ್ಲ. ಮೆಕಾಲೆಯ 1837ರ ಕರಡಿನಲ್ಲಿದ್ದ ಆ ಅಪರಾಧವನ್ನು 1870ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ 124ಎ ಎಂಬ ಹೆಸರಿನಲ್ಲಿ ಸೇರಿಸಿದ. ಸರ್ಕಾರದ ಮೇಲೆ ಜನರಲ್ಲಿ ಅಪ್ರೀತಿ ಹುಟ್ಟಿಸುವ ಮಾತಿಗೂ ಬರಹಕ್ಕೂ ಜೀವಾವಧಿ ಗಡೀಪಾರಿನವರೆಗೆ ಶಿಕ್ಷೆ ವಿಧಿಸಬಹುದಿತ್ತು.

ಕಲಮಿನ ನಿಜವಾದ ಬಿಗಿ ತಿಳಿದದ್ದು 1897ರಲ್ಲಿ, 'ಕೇಸರಿ'ಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ಬೊಂಬಾಯಿಯಲ್ಲಿ ನಡೆದ ವಿಚಾರಣೆಯಲ್ಲಿ. ಸರ್ಕಾರದ ಮೇಲೆ ಪ್ರೀತಿ ಇಲ್ಲದಿರುವುದೇ ಅಪ್ರೀತಿ ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ವಿವರಿಸಿದರು. ಬರಹದಿಂದ ದಂಗೆ ಎದ್ದಿತೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದರು. ಕೃತ್ಯವನ್ನಲ್ಲ, ಮನಸ್ಸಿನ ಭಾವವನ್ನೇ ಅಳೆಯುವ ಈ ವ್ಯಾಖ್ಯಾನ ನ್ಯಾಯಕ್ಕೇ ಅಪಚಾರವಾಗಿತ್ತು. ತಿಲಕರಿಗೆ 18 ತಿಂಗಳ ಸೆರೆಯಾಯಿತು. 1908ರಲ್ಲಿ ಮತ್ತೆ ಆರು ವರ್ಷದ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳಿಸಲಾಯಿತು. 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ ಗಾಂಧೀಜಿ, ಕಾನೂನಿನ ಬಲದಿಂದ ಪ್ರೀತಿಯನ್ನು ಹುಟ್ಟಿಸಲಾಗದು ಎಂದು ಹೇಳಿ, ಆರು ವರ್ಷದ ಶಿಕ್ಷೆಯನ್ನು ಸ್ವೀಕರಿಸಿದರು.

ಸಾರ್ವಜನಿಕ ಶಾಂತಿ ಕದಡುವ ಸಂಭವವಿದ್ದರೆ ಮಾತ್ರ ಅಪರಾಧ ಎಂದು 1942ರಲ್ಲಿ ಫೆಡರಲ್ ಕೋರ್ಟಿನ ಮಾರಿಸ್ ಗ್ವೈಯರ್ ಹೇಳಿದರೂ, 1947ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಕೆ. ಎಂ. ಮುನ್ಶಿಯವರ ತಿದ್ದುಪಡಿಯಿಂದಾಗಿ ಸಂವಿಧಾನದ ಕರಡಿನಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಹಾಕಿದ್ದ ಮಿತಿಗಳ ಪೈಕಿ ರಾಜದ್ರೋಹ ಬಿದ್ದುಹೋಯಿತು. ದಂಡ ಸಂಹಿತೆಯಲ್ಲಿ ಮಾತ್ರ ಅದು ಹಾಗೆಯೇ ಉಳಿಯಿತು. 1951ರ ಮೊದಲ ತಿದ್ದುಪಡಿ 'ಸಾರ್ವಜನಿಕ ಸುವ್ಯವಸ್ಥೆ'ಯನ್ನು ಮಿತಿಗಳ ಪಟ್ಟಿಗೆ ಸೇರಿಸಿತು. ಪಂಜಾಬ್ ಮತ್ತು ಅಲಹಾಬಾದ್ ಹೈಕೋರ್ಟುಗಳು ಕಲಮನ್ನು ಅಸಿಂಧುವೆಂದವು. ಆದರೆ 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗ್ವೈಯರ್ ಅವರ ದಾರಿ ಹಿಡಿದು, ಹಿಂಸೆಗೆ ಅಥವಾ ಅಶಾಂತಿಗೆ ಎಡೆಮಾಡುವ ಮಾತಿಗಷ್ಟೇ ಅನ್ವಯ ಎಂಬ ಷರತ್ತಿನೊಡನೆ ಕಲಮನ್ನು ಎತ್ತಿಹಿಡಿಯಿತು. ಆ ಷರತ್ತು ಪೊಲೀಸ್ ಠಾಣೆಗಳವರೆಗೆ ಸರಿಯಾಗಿ ಇಳಿಯಲೇ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಂತೂ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನೇ ಕೊಟ್ಟಿತು.

ಅಮೆರಿಕದ ಸುಪ್ರೀಂ ಕೋರ್ಟ್ 1969ರ ಬ್ರಾಂಡೆನ್‌ಬರ್ಗ್ ತೀರ್ಪಿನಲ್ಲಿ, ಕೂಡಲೇ ಕಾನೂನು ಮುರಿಯುವಂತೆ ಪ್ರಚೋದಿಸುವ, ಹಾಗಾಗುವ ಸಂಭವವೂ ಇರುವ ಮಾತನ್ನಷ್ಟೇ ಶಿಕ್ಷಿಸಬಹುದು ಎಂದಿತು. ಈ ಅಪರಾಧವನ್ನು ಭಾರತಕ್ಕೆ ತಂದ ಬ್ರಿಟನ್, ತನ್ನ ನೆಲದಲ್ಲಿ 2009ರ ಕಾಯ್ದೆಯ ಮೂಲಕ ಅದನ್ನು ರದ್ದುಮಾಡಿತು.

2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎ ಅನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರಿಲ್ಲ; ಆದರೆ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗಳಿಗೆ ಅಪಾಯ ತರುವ ಮಾತು, ಬರಹಗಳು ಅದರ 152ನೇ ಕಲಮಿನಡಿ ಅಪರಾಧ; ಶಿಕ್ಷೆ ಏಳು ವರ್ಷದವರೆಗೆ ಇಲ್ಲವೇ ಜೀವಾವಧಿ.