ಅಂಕಿಗಳ ಅಳತೆಗೋಲು: ಕಾರ್ಯನಿರತ ಸ್ಮೃತಿಯ ಪರೀಕ್ಷೆಗಳು

ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಮರಳಿ ಹೇಳಿಸಿ ಸ್ಮೃತಿಯ ವ್ಯಾಪ್ತಿಯನ್ನು ಅಳೆಯುವ ಪದ್ಧತಿ 1887ರಷ್ಟು ಹಳೆಯದು. ಆ ವರ್ಷ ಜೋಸೆಫ್ ಜೇಕಬ್ಸ್ ಲಂಡನ್ನಿನ ಶಾಲಾ ಬಾಲಕಿಯರ ಮೇಲೆ ಪ್ರಯೋಗ ನಡೆಸಿ, ವಯಸ್ಸಿನೊಡನೆ ವ್ಯಾಪ್ತಿ ಹಿಗ್ಗುವುದನ್ನೂ ತರಗತಿಯಲ್ಲಿ ಮುಂದಿದ್ದವರಿಗೆ ಅದು ಹೆಚ್ಚಾಗಿರುವುದನ್ನೂ ದಾಖಲಿಸಿದರು. (ಮುಂದೆ ಭಾರತದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಸಂಕಲಿಸಿದವರೂ ಇದೇ ಜೇಕಬ್ಸ್.) 1905ರಲ್ಲಿ ಪ್ಯಾರಿಸಿನ ಬಿನೆ ಮತ್ತು ಸಿಮೊನ್ ತಮ್ಮ ಬುದ್ಧಿಮಾಪನದಲ್ಲಿ ಅಂಕಿಗಳ ಪುನರುಚ್ಚಾರವನ್ನು ಸೇರಿಸಿಕೊಂಡರು. ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದು ಆ ಮಾಪನದ ಉದ್ದೇಶವಾಗಿದ್ದುದರಿಂದ, ಪ್ರಯೋಗಶಾಲೆಯ ಒಂದು ಕುತೂಹಲವು ಮಗುವಿನ ಶಾಲಾಭವಿಷ್ಯವನ್ನು ನಿರ್ಣಯಿಸುವ ಸಾಧನವಾಯಿತು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಈ ಮಾಪನವನ್ನು ಪರಿಷ್ಕರಿಸಿದ ವಿ. ವಿ. ಕಾಮತರ ಕಾರ್ಯ 1934ರಲ್ಲಿ ಪ್ರಕಟವಾಯಿತು.

ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವುದು ಮತ್ತು ಆಲೋಚಿಸುವುದು ಒಂದೇ ಅಲ್ಲವೆಂಬುದನ್ನು ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ತೋರಿಸಿಕೊಟ್ಟರು. ಆರು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡವರೂ ತರ್ಕದ ಪ್ರಶ್ನೆಗಳಿಗೆ, ತುಸು ನಿಧಾನವಾಗಿಯಾದರೂ, ಸರಿಯಾಗಿಯೇ ಉತ್ತರಿಸಬಲ್ಲವರಾಗಿದ್ದರು. ಸಂಗ್ರಹ ಮತ್ತು ಸಂಸ್ಕರಣ ಎರಡನ್ನೂ ಏಕಕಾಲಕ್ಕೆ ನಿರ್ವಹಿಸುವ ಈ ವ್ಯವಸ್ಥೆಯೇ ಕಾರ್ಯನಿರತ ಸ್ಮೃತಿ. ಇದಕ್ಕೆ ತಕ್ಕ ಪರೀಕ್ಷೆಯನ್ನು 1980ರಲ್ಲಿ ಡೇನೆಮನ್ ಮತ್ತು ಕಾರ್ಪೆಂಟರ್ ರೂಪಿಸಿದರು. ವಾಕ್ಯಗಳನ್ನು ಒಂದಾದ ಮೇಲೊಂದರಂತೆ ಓದಿ, ಕೊನೆಯಲ್ಲಿ ಪ್ರತಿ ವಾಕ್ಯದ ಅಂತ್ಯಪದವನ್ನು ಹೇಳಬೇಕು. ವಿದ್ಯಾರ್ಥಿಗಳ ವ್ಯಾಪ್ತಿ ಎರಡರಿಂದ ಐದು ವಾಕ್ಯಗಳವರೆಗೆ ಮಾತ್ರ ಹರಡಿತ್ತು. ಆದರೂ ಈ ಕಿರಿದಾದ ಅಂತರವು ಓದಿನ ಗ್ರಹಿಕೆಯಲ್ಲಿನ ವ್ಯಕ್ತಿಭೇದವನ್ನು ಅಂಕಿಗಳ ಪರೀಕ್ಷೆಗಿಂತ ಎಷ್ಟೋ ಚೆನ್ನಾಗಿ ಸೂಚಿಸಿತು.

ಅದೇ 1980ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಷ್ಟು ಪ್ರಸಿದ್ಧವಲ್ಲದಿದ್ದರೂ ಬಹುಭಾಷಾ ಸಮಾಜಗಳಿಗೆ ಅದರ ಮಹತ್ವ ಹೆಚ್ಚಿನದು. ವೇಲ್ಸ್ ಭಾಷೆಯಲ್ಲಿ ಪರೀಕ್ಷೆಗೆ ಒಳಗಾದ ಮಕ್ಕಳ ಅಂಕಿವ್ಯಾಪ್ತಿ ಕಡಿಮೆ ಬರುತ್ತಿದ್ದುದಕ್ಕೆ ಎಲಿಸ್ ಮತ್ತು ಹೆನೆಲಿ ಕಾರಣ ಹುಡುಕಿದರು. ದ್ವಿಭಾಷಿಕರಿಗೆ ಅಂಕಿಗಳನ್ನು ಇಂಗ್ಲಿಷಿನಲ್ಲಿ ಓದುವುದಕ್ಕಿಂತ ವೇಲ್ಸ್ ಭಾಷೆಯಲ್ಲಿ ಓದಲು ಹೆಚ್ಚು ಕಾಲ ಹಿಡಿಯುತ್ತಿತ್ತು. ಮನಸ್ಸಿನೊಳಗಿನ ಉಚ್ಚಾರಣೆಯನ್ನು ತಡೆದಾಗ ಎರಡು ಭಾಷೆಗಳ ನಡುವಿನ ವ್ಯತ್ಯಾಸವೂ ಇಲ್ಲವಾಯಿತು. ಕೊರತೆ ಇದ್ದುದು ಮಕ್ಕಳ ಬುದ್ಧಿಯಲ್ಲಲ್ಲ, ಅಳತೆಗೋಲಿನಲ್ಲಿ.

ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಇಂಗ್ಲಿಷಿನ 'ಸೆವೆನ್' ಒಂದನ್ನು ಬಿಟ್ಟರೆ ಉಳಿದವೆಲ್ಲ ಏಕಾಕ್ಷರಿಗಳು. ಕನ್ನಡದಲ್ಲಿ ಏಕಾಕ್ಷರಿಯಾದ ಅಂಕಿ ಒಂದೂ ಇಲ್ಲ; 'ಎರಡು', 'ಒಂಬತ್ತು' ಮೂರಕ್ಷರದವು. ಆದುದರಿಂದ ಇಂಗ್ಲಿಷಿನ ಮಾನಕಗಳನ್ನು ಕನ್ನಡದ ಮಗುವಿಗೆ ನೇರವಾಗಿ ಅನ್ವಯಿಸಲಾಗದು. ಅನುವಾದದಲ್ಲಿ ನಿಲ್ಲದೆ ಮಾಪನವನ್ನು ಈ ನೆಲದ ಮಕ್ಕಳ ಮೇಲೆಯೇ ಹೊಸದಾಗಿ ಪ್ರಮಾಣೀಕರಿಸಲು ಹೊರಟ ಕಾಮತರ ಶ್ರಮದ ಬೆಲೆ ಇಲ್ಲಿ ತಿಳಿಯುತ್ತದೆ.