ಹೆದೆಯಿಂದ ಜೇಬಿಗೆ

ಸಿ, ಪೈಥಾನ್, ಜಾವಾ, ಯಾವ ಪ್ರೋಗ್ರಾಮಿಂಗ್ ಭಾಷೆಯ ಗಣಿತ ಲೈಬ್ರರಿ ತೆರೆದರೂ ‘ಸಿನ್ಎಚ್’ ಎಂಬ ಫಂಕ್ಷನ್ ಇರುತ್ತದೆ. ಇಂಗ್ಲಿಷಿನವರಲ್ಲಿ ಕೆಲವರು ಅದನ್ನು ‘ಸಿಂಚ್’ ಎನ್ನುತ್ತಾರೆ, ಕೆಲವರು ‘ಶೈನ್’. ನಮ್ಮ ಕಾಲೇಜುಗಳಲ್ಲಿ ‘ಸೈನ್ ಎಚ್’. ಬಾಲದ ಎಚ್ ಹೈಪರ್ಬೋಲಾದ್ದು, ಅಂದರೆ ಅತಿಪರವಲಯದ್ದು. ತಲೆ ಮಾತ್ರ ಇಲ್ಲಿಂದಲೇ ಹೋದದ್ದು.

ವೃತ್ತದ ಕಂಸ ಬಿಲ್ಲಾದರೆ ಅದರ ಎರಡು ತುದಿ ಕೂಡಿಸುವ ಗೆರೆ ಜ್ಯಾ, ಹೆದೆ. ಲೆಕ್ಕಕ್ಕೆ ಬೇಕಾದದ್ದು ಅರ್ಧ ಹೆದೆಯೇ, ಅದು ‘ಅರ್ಧಜ್ಯಾ’. ಬಳಕೆಯಲ್ಲಿ ‘ಅರ್ಧ’ ಸವೆದುಹೋಗಿ ಜ್ಯಾ ಉಳಿಯಿತು. 499ರಲ್ಲಿ ಆರ್ಯಭಟ 225, 224, 222, 219 ಎಂದು ಇಳಿಯುತ್ತ ಹೋಗುವ 24 ಜ್ಯಾ ವ್ಯತ್ಯಾಸಗಳನ್ನು ಅಕ್ಷರಗಳಾಗಿಸಿ ಒಂದೇ ಪದ್ಯದಲ್ಲಿ ಅಡಕಿದ. ಕನ್ನಡ ಶಾಲಾ ಪುಸ್ತಕದಲ್ಲಿ ಇಂದಿಗೂ ಇಡೀ ಗೆರೆ ಜ್ಯಾ. ಅದರರ್ಧದಿಂದ ಹುಟ್ಟಿದ್ದು ಮಾತ್ರ ಸೈನ್ ಎಂಬ ಪರದೇಶಿ ವೇಷದಲ್ಲಿ ಮುಂದಿನ ಅಧ್ಯಾಯಕ್ಕೆ ಬರುತ್ತದೆ.

ಆ ವೇಷ ಬಂದ ಬಗೆ ಸ್ವಾರಸ್ಯದ್ದು. ಜ್ಯಾಗೆ ‘ಜೀವಾ’ ಎಂಬ ಇನ್ನೊಂದು ಹೆಸರಿತ್ತು. ಅರಬ್ಬಿಗೆ ಹೋಗಿ ಅದು ‘ಜೀಬ’ ಆಯಿತು. ಸ್ವರಚಿಹ್ನೆ ಹಾಕದೆ ಬರೆದರೆ ಅಲ್ಲಿ ಜೀಬಕ್ಕೂ ‘ಜೈಬ್’ಗೂ ಭೇದ ಕಾಣದು. ಜೀಬ ಅರ್ಥವಿಲ್ಲದ ಅತಿಥಿ. ಜೈಬ್ ಅವರ ಮನೆಮಾತು, ಎದೆಯ ಮೇಲಿನ ಬಟ್ಟೆಯ ಮಡಿಕೆ. ಓದುಗರು ಗೊತ್ತಿದ್ದ ಪದವನ್ನೇ ಓದಿಕೊಂಡರು. ಹೆದೆ ಎದೆಯಾಯಿತು! (ಈ ಚಮತ್ಕಾರ ಕನ್ನಡಿಗರಿಗೆ ಪುಕ್ಕಟೆ.) 12ನೇ ಶತಮಾನದ ಅನುವಾದಕರು ಮಡಿಕೆಯನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಸಿನಸ್’ ಎಂದರು. ಮೂಗು ಕಟ್ಟಿದಾಗ ನಾವು ಬೈಯುವ ಸೈನಸ್ಸೂ ಅದೇ ಪದ. ಇತ್ತ ಜೈಬ್ ಪಾರಸಿಯ ದಾರಿ ಹಿಡಿದು ಬಂದು ನಮ್ಮ ಅಂಗಿಯ ಜೇಬಾಗಿ ಕೂತಿದೆ.

18ನೇ ಶತಮಾನದಲ್ಲಿ ಇಟಲಿಯ ವಿನ್ಚೆಂಜೊ ರಿಕ್ಕಾಟಿ ವೃತ್ತ ಬಿಟ್ಟು ಅತಿಪರವಲಯಕ್ಕೆ ಕೈಹಾಕಿದ. ಅವನು ಬಳಸಿದ ಗುರುತು ‘ಎಸ್ಎಚ್’. ಸೈನ್‌ನ ಬೆನ್ನಿಗೆ ಎಚ್ ಅಂಟಿಸುವ ರೂಢಿ ಗಣಿತಜ್ಞ ಲ್ಯಾಂಬರ್ಟ್‌ನಿಂದ ಬೆಳೆಯಿತು. ಹೆಸರು ಎರವಲಾದರೂ ಅಸಂಬದ್ಧವೇನಲ್ಲ. ಅತಿಪರವಲಯದ ಒಂದು ಕವಲಿಗೆ ಅಡ್ಡಲಾಗಿ ನೇರ ಗೆರೆ ಎಳೆಯಿರಿ. ಅಕ್ಷದ ಮೇಲಿನ ಅರ್ಧ ತುಂಡೇ ಸಿನ್ಎಚ್. ಕೋನದ ಜಾಗದಲ್ಲಿ ವಿಸ್ತೀರ್ಣ ಬಂದಿದೆ, ಅಷ್ಟೆ. ಅರ್ಧ ಹೆದೆ ಅರ್ಧ ಹೆದೆಯಾಗಿಯೇ ಇದೆ.

ಕಂಪ್ಯೂಟರಿನಲ್ಲಿ ಇದರ ಬೆಲೆ ಕಟ್ಟುವುದು ನೋಡಲು ಸಲೀಸು: ಇ ಎಂಬ ಸಂಖ್ಯೆಯ ಎಕ್ಸ್ ಘಾತದಿಂದ ಋಣ ಎಕ್ಸ್ ಘಾತ ಕಳೆ, ಎರಡರಿಂದ ಭಾಗಿಸು. ಎಕ್ಸ್ 0.0000000001 ಆದಾಗ ಈ ಸೂತ್ರದ ಬಣ್ಣ ಬಯಲಾಗುತ್ತದೆ. ಎರಡೂ ಘಾತಗಳು ಒಂದರ ಅಕ್ಕಪಕ್ಕ ನಿಂತಿರುತ್ತವೆ. ಕಳೆದಾಗ ಅಂಕೆಗಳೆಲ್ಲ ಹೊಡೆದುಹೋಗಿ, ಎಕ್ಸ್‌ನಷ್ಟೇ ಬರಬೇಕಿದ್ದ ಉತ್ತರ ಅದರ 1.00000008 ಪಟ್ಟು ಬರುತ್ತದೆ. ಹದಿನೈದು ಹದಿನಾರು ಅಂಕೆ ನಂಬಬಹುದಾದ ಯಂತ್ರದಲ್ಲಿ ಅರ್ಧಕ್ಕರ್ಧ ಪೋಲು. ಇನ್ನೊಂದು ತುದಿಯಲ್ಲಿ, ಎಕ್ಸ್ 710 ಆದರೆ ಇ ಘಾತ ಯಂತ್ರದ ಮಿತಿ ಮೀರಿ ಉಕ್ಕುತ್ತದೆ, ಅರ್ಧ ಮಾಡುವ ಹೊತ್ತಿಗೆ ತಡವಾಗಿರುತ್ತದೆ. ಸನ್ ಕಂಪನಿ 1993ರಲ್ಲಿ ಕೊಟ್ಟ ‘ಎಫ್‌ಡಿಲಿಬ್‌ಎಂ’ ಲೈಬ್ರರಿ ಇದಕ್ಕೆ ಹಾದಿಗಳನ್ನೇ ಬೇರೆ ಮಾಡಿತು: ಎಕ್ಸ್ ತೀರಾ ಚಿಕ್ಕದಾದರೆ ಎಕ್ಸನ್ನೇ ಮರಳಿಸು, 22ರೊಳಗಿದ್ದರೆ ಘಾತದಲ್ಲಿ ಒಂದು ಕಳೆದದ್ದನ್ನು ನೇರವಾಗಿ ಕೊಡುವ ‘ಎಕ್ಸ್‌ಪಿಎಂ1’ ಬಳಸು, ಉಕ್ಕುವ ಅಂಚಿನಲ್ಲಿ ಅರ್ಧ ಎಕ್ಸ್‌ನ ಘಾತ ತೆಗೆದು, ಮೊದಲೇ ಎರಡರಿಂದ ಭಾಗಿಸಿಕೊಂಡು, ಮತ್ತೆ ಅದೇ ಘಾತದಿಂದ ಗುಣಿಸು.

ಜಾವಾಸ್ಕ್ರಿಪ್ಟ್‌ಗೆ ಈ ಫಂಕ್ಷನ್ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಬೇಕಾದವರು ತಾವೇ ಬರೆದುಕೊಳ್ಳಬೇಕಿತ್ತು. ರಷ್ಯದ ಗಣಿತ ಪುಸ್ತಕಗಳು ಮಾತ್ರ ಈಗಲೂ ರಿಕ್ಕಾಟಿಯ ‘ಎಸ್ಎಚ್’ ಬಿಟ್ಟಿಲ್ಲ. ಅದನ್ನೋದಿ ಬೆಳೆದವರೂ ಕೋಡ್ ಬರೆಯಲು ಕೂತರೆ ‘ಸಿನ್ಎಚ್’ ಎಂದೇ ಒತ್ತಬೇಕು, ಇಲ್ಲದಿದ್ದರೆ ಕಂಪೈಲರ್ ಮಾತಾಡಿಸುವುದಿಲ್ಲ.